ಹತ್ತಿಯಲ್ಲಿ ಸುತ್ತಿದ ಮಾತು

ಇಂಗ್ಲಿಷಿನವನು ‘ಐ ಆಮ್ ಅಫ್ರೇಡ್’ ಎಂದು ಬಾಯಿ ತೆರೆದರೆ ಅವನಿಗೆ ಯಾವ ಭಯವೂ ಇಲ್ಲವೆಂದು ತಿಳಿಯಬೇಕು. ಭಯಪಡಬೇಕಾದವರು ನಾವು, ಕೇಳಿದ್ದು ಸಿಕ್ಕುವುದಿಲ್ಲವೆಂದೇ ಅದರ ಅರ್ಥ. ‘ವಿತ್ ಗ್ರೇಟ್ ರೆಸ್ಪೆಕ್ಟ್’ ಎಂದು ವಕೀಲರು ತಲೆಬಾಗಿದರೆ ಮುಂದಿನ ವಾಕ್ಯದಲ್ಲಿ ಗೌರವವನ್ನು ಹುಡುಕುವುದು ವ್ಯರ್ಥ. ಕನ್ನಡದಲ್ಲಿ ಮಾತನಾಡುತ್ತಿರುವಾಗಲೂ ಅಪ್ರಿಯವಾದುದು ಹತ್ತಿರ ಬಂದೊಡನೆ ನಮ್ಮಲ್ಲಿ ಅನೇಕರು ಈ ನುಡಿಗಳ ಮರೆಗೆ ಸರಿಯುವುದುಂಟು.

ಇದೆಲ್ಲ ಬರಿಯ ಕಪಟವೆಂದು ತಳ್ಳಿಹಾಕುವುದು ಸುಲಭ; ನ್ಯಾಯವಲ್ಲ. ಪೂರ್ತಿ ತಿಳಿಯದುದನ್ನು ‘ಇರಬಹುದು’ ಎನ್ನುವುದು ಪ್ರಾಮಾಣಿಕತೆಯೇ. ಕೇಳುವವನ ಮನಸ್ಸು ನೋಯದಿರಲೆಂದು ಮಾತಿನ ಅಂಚನ್ನು ಉಜ್ಜಿ ನಯಮಾಡುವುದೂ ಒಳ್ಳೆಯ ಸಂಸ್ಕಾರವೇ. ಸತ್ಯವಾದರೂ ಅಪ್ರಿಯವಾದುದನ್ನು ನುಡಿಯಬೇಡವೆಂದು ಮನುಸ್ಮೃತಿಯೇ ಹೇಳುತ್ತದಲ್ಲ! ಆದರೆ ಪ್ರಿಯವಾದ ಸುಳ್ಳೂ ಕೂಡದೆಂದು ಅದೇ ಶ್ಲೋಕ ಮುಂದುವರಿಯುತ್ತದೆ. ಆ ಅರ್ಧವನ್ನು ನೆನೆಯುವವರು ವಿರಳ.

ಸುಳ್ಳಲ್ಲದ ಮೆತ್ತನೆಯ ಮಾತೂ ಏನು ಮಾಡಬಲ್ಲುದೆಂಬುದಕ್ಕೆ ಕೊರಿಯಾ ಯುದ್ಧದ ಒಂದು ಪ್ರಸಂಗವಿದೆ. ೧೯೫೧ರ ಏಪ್ರಿಲ್‌ನಲ್ಲಿ ಇಮ್ಜಿನ್ ನದಿಯ ಬಳಿ ಬ್ರಿಟನ್ನಿನ ಗ್ಲಾಸ್ಟರ್‌ಷೈರ್ ರೆಜಿಮೆಂಟಿನ ಒಂದು ಬೆಟಾಲಿಯನ್ನನ್ನು ಚೀನೀ ಸೇನೆ ಸುತ್ತುವರಿಯಿತು. ಅವರ ಬ್ರಿಗೇಡಿಯರ್ ಬ್ರೋಡಿ, ಮೇಲಧಿಕಾರಿಯಾದ ಅಮೆರಿಕನ್ ಜನರಲ್‌ಗೆ ಪರಿಸ್ಥಿತಿ ‘ಎ ಬಿಟ್ ಸ್ಟಿಕಿ’ ಎಂದು, ಎಂದರೆ ಕೊಂಚ ಇಕ್ಕಟ್ಟಾಗಿದೆಯೆಂದು, ತಿಳಿಸಿದರಂತೆ. ಇಂಗ್ಲಿಷಿನವನ ಕಿವಿಗೆ ಇದು ಸರ್ವನಾಶದ ಸುದ್ದಿ. ಅಮೆರಿಕದವನ ಕಿವಿಗೆ, ಕಷ್ಟವಿದೆ, ಆದರೂ ನಿಭಾಯಿಸುತ್ತಿದ್ದಾರೆ ಎಂಬಷ್ಟೇ. ಹಿಂದೆ ಸರಿಯುವ ಅಪ್ಪಣೆ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಐನೂರಕ್ಕೂ ಹೆಚ್ಚು ಮಂದಿ ಸೆರೆಯಾದರು. ಸೋಲಿಗೆ ಅದೊಂದೇ ಮಾತು ಕಾರಣವಲ್ಲ, ನಿಜ. ಬ್ರೋಡಿ ಹೇಡಿಯೂ ಅಲ್ಲ, ಸುಳ್ಳುಗಾರರೂ ಅಲ್ಲ. ಎದೆಗುಂದದಿರುವುದನ್ನೇ ಸಭ್ಯತೆಯೆಂದು ಕಲಿತವರು. ಆದರೆ ಆ ಸಭ್ಯತೆಯ ಬೆಲೆ ತೆತ್ತವರು ಆಡಿದವರಲ್ಲ, ಕೇಳಿದವರೂ ಅಲ್ಲ, ಬೆಟ್ಟದ ಮೇಲಿದ್ದವರು.

ಆದ್ದರಿಂದ ಮಾತು ಮೆತ್ತಗಿದೆಯೆ ಎಂದಲ್ಲ, ಆ ಹತ್ತಿ ಯಾರ ಮೈಗೆ ಎಂದು ಕೇಳಬೇಕೆಂದು ನನಗೆ ತೋರುತ್ತದೆ. (ಈ ‘ತೋರುತ್ತದೆ’ಯೂ ಅದೇ ಜಾತಿಯದು, ಇರಲಿ.) ‘ಮಿಸ್ಟೇಕ್ಸ್ ವರ್ ಮೇಡ್’ ಎಂಬ ಪ್ರಸಿದ್ಧ ವಾಕ್ಯದಲ್ಲಿ ತಪ್ಪು ಉಂಟು, ಮಾಡಿದವನಿಲ್ಲ. ಅಲ್ಲಿ ಹತ್ತಿ ಇರುವುದು ಕೇಳುವವನ ಗಾಯಕ್ಕಲ್ಲ, ಆಡುವವನ ಕುರ್ಚಿಗೆ. ನಮ್ಮ ಆಡುಮಾತಿಗೆ ಒಗ್ಗದ ಈ ಕರ್ಮಣಿ ಪ್ರಯೋಗವನ್ನು ಕಚೇರಿಯ ಕನ್ನಡ ಎಷ್ಟು ಪ್ರೀತಿಯಿಂದ ಸಾಕಿಕೊಂಡಿದೆ! ‘ಪರಿಶೀಲಿಸಲಾಗುವುದು’, ‘ಕ್ರಮ ಕೈಗೊಳ್ಳಲಾಗುವುದು’. ಪಿಂಚಣಿಗೆ ಅರ್ಜಿ ಹಾಕಿದ ಮುದುಕಿಯೊಬ್ಬಳಿಗೆ ‘ಸದ್ಯಕ್ಕೆ ಪರಿಗಣಿಸಲು ಸಾಧ್ಯವಾಗದಿರುವುದನ್ನು ವಿಷಾದದಿಂದ ತಿಳಿಸಲಾಗಿದೆ’ ಎಂದು ಕಾಗದ ಬರುತ್ತದೆ. ವಿಷಾದಪಟ್ಟವರು ಯಾರೋ! ಆಕೆ ಅದನ್ನು ಪಕ್ಕದ ಮನೆಯ ಹುಡುಗನ ಕೈಲಿ ಎರಡು ಸಲ ಓದಿಸಿ ಕೇಳುತ್ತಾಳೆ: “ಅಂದರೆ ಕೊಡ್ತಾರಂತೋ, ಇಲ್ಲವಂತೋ, ಮಗ?”