ತುಟಿಯ ಮೊದಲ ಮಾತು

ಕೂಸು 'ಮಮ್ಮಮ್ಮ' ಎಂದಾಗ ಯಾರನ್ನೂ ಕರೆದಿರುವುದಿಲ್ಲ. ಮೊಲೆ ಬಾಯಲ್ಲಿರುವಾಗ ತುಟಿ ಮುಚ್ಚಿರುತ್ತದೆ, ದನಿಗೆ ಮೂಗೊಂದೇ ದಾರಿ. ಆಗ ಹೊರಡುವ ಗುನುಗು 'ಮ'. ಹಸಿದಾಗ ಅದೇ ಗುನುಗು ಅಳುವಿನ ನಡುವೆ ಮತ್ತೆ ಕೇಳುತ್ತದೆ. ತನ್ನನ್ನೇ ಕರೆಯಿತೆಂದು ತಾಯಿ ಕೈಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಾಳೆ. ಸದ್ದು ಕೂಸಿನದು, ಅರ್ಥ ತಾಯಿಯದು. ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ 1960ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ 'ಮಾಮಾ' ಎಂಬ ಪದದ ಹುಟ್ಟನ್ನು ಹೀಗೆ ಬಿಡಿಸಿಟ್ಟರು.

*

ಕನ್ನಡದ ಅಮ್ಮ, ಚೀನಿಯ ಮಾಮಾ, ಸ್ವಾಹಿಲಿಯ ಮಾಮಾ, ಬಾಸ್ಕ್ ಭಾಷೆಯ ಅಮಾ, ಹೀಬ್ರೂವಿನ ಇಮಾ, ಕೆಚುವಾ ಜನರ ಮಾಮಾ. ಇವರು ಒಬ್ಬರಿಂದೊಬ್ಬರು ಕಡ ತಂದವರಲ್ಲ.

*

ಮಂಗಳೂರು, ಉಡುಪಿಯ ತುಳು ಮನೆಗಳಲ್ಲಿ 'ಅಪ್ಪೆ' ಎಂದರೆ ತಾಯಿ, 'ಅಮ್ಮೆ' ಎಂದರೆ ತಂದೆ. ಕನ್ನಡದ ಕಿವಿಗೆ ಎರಡೂ ಅದಲುಬದಲಾದಂತೆ ಕೇಳುತ್ತವೆ. ಅದಲುಬದಲು ಎನ್ನುವುದು ನಮ್ಮ ಕಿವಿಯ ಅಹಂಕಾರ. ತುಳುವಿನ ಮಗುವಿಗೆ 'ಪ್ಪೆ' ಎಂದು ತುಟಿ ಒತ್ತಿ ಬಿಡುವುದರಲ್ಲೇ ಮಡಿಲಿನ ಬಿಸುಪೆಲ್ಲ ಇದೆ. ಅಲ್ಲಿ ತಾಯ್ನುಡಿಯೂ 'ಅಪ್ಪೆ ಬಾಸೆ'ಯೇ. ಹವ್ಯಕರ ಮನೆಯ 'ಅಬ್ಬೆ'ಯಲ್ಲೂ ಮೂಗಿನ ದನಿ ಇಲ್ಲ, ತುಟಿ ಮಾತ್ರ ಇದೆ. ತಾಯಿಯ ಹೆಸರಿನಲ್ಲಿ 'ಮ' ಇರಲೇಬೇಕೆಂಬ ಕಟ್ಟಳೆಯನ್ನು ಯಾವ ಕೂಸೂ ಮಾಡಿಲ್ಲ.

*

ಜಾರ್ಜಿಯಾ ದೇಶದಲ್ಲಿ 'ಮಾಮಾ' ಎಂದು ಕೂಗಿದರೆ ತಿರುಗಿ ನೋಡುವವನು ತಂದೆ. ತಾಯಿ ಅಲ್ಲಿ 'ದೆದಾ'. ಆಸ್ಟ್ರೇಲಿಯಾದ ನಡುನಾಡಿನಲ್ಲಿ ಪಿಟ್ಜಂಜಾರಾ ನುಡಿಯುವವರಿಗೂ 'ಮಾಮಾ' ತಂದೆಯೇ. ನಮ್ಮಲ್ಲಿ ಮಾಮ ಎಂದರೆ ತಾಯಿಯ ತಮ್ಮ ಅಥವಾ ಅಣ್ಣ. ಮದುವೆಯಾದ ಮೇಲೆ ಎಷ್ಟೋ ಮನೆಗಳಲ್ಲಿ ಗಂಡನ ಅಪ್ಪನೂ ಮಾಮನೇ.

*

ಜಾರ್ಜಿಯಾದವರು 'ದೆದಾ'ವನ್ನು ಎಲ್ಲೆಲ್ಲಿ ಇಟ್ಟಿದ್ದಾರೆ ನೋಡಿ. ಭೂಮಿ ದೆದಾಮಿತ್ಸಾ, ತಾಯಿಮಣ್ಣು. ರಾಜಧಾನಿ ದೆದಾಕಲಾಕಿ, ತಾಯಿಪಟ್ಟಣ. ಹಳೆಯ ಮನೆಗಳಲ್ಲಿ ಮಾಡಿನ ಭಾರ ಹೊರುವ, ಕೆತ್ತನೆ ಮಾಡಿದ ನಡುಗಂಬ ದೆದಾಬೋಡ್ಜಿ, ತಾಯಿಗಂಬ. ಯಾಕೋಬ್ ಗೊಗೆಬಾಶ್ವಿಲಿ 1876ರಲ್ಲಿ ಮಕ್ಕಳಿಗಾಗಿ ಬರೆದ ಅಕ್ಷರಮಾಲೆಯ ಪುಸ್ತಕದ ಹೆಸರು 'ದೆದಾ ಎನಾ', ತಾಯ್ನುಡಿ. ಅಲ್ಲಿನ ಮಕ್ಕಳು ತಲೆಮಾರುಗಳಿಂದ ಓದು ಕಲಿತದ್ದು ಅದರಿಂದ. ಆ ನಾಡಿನ ಗಡಿ ದಾಟಿ ತುರ್ಕಿಗೆ ಕಾಲಿಟ್ಟರೆ 'ದೆದೆ' ಎಂದರೆ ಅಜ್ಜ.

*

ತಾತ ಕನ್ನಡದಲ್ಲಿ ಅಜ್ಜ. ಪೋಲೆಂಡಿನಲ್ಲಿ ತಾತಾ ಅಪ್ಪ. ದಕ್ಷಿಣ ಆಫ್ರಿಕಾದ ಖೋಸಾ ಜನರಿಗೂ ಅಪ್ಪ. ನೆಲ್ಸನ್ ಮಂಡೇಲಾರನ್ನು ಇಡೀ ದೇಶ ಕರೆದದ್ದು ಹಾಗೆಯೇ.

*

ಮಾನವಶಾಸ್ತ್ರಜ್ಞ ಜಾರ್ಜ್ ಮರ್ಡಾಕ್ ಜಗತ್ತಿನ ಭಾಷೆಗಳಿಂದ ತಾಯಿ-ತಂದೆಯರನ್ನು ಕರೆಯುವ 1072 ಪದಗಳನ್ನು ಕೂಡಿಹಾಕಿದರು. ತಾಯಿಯ ಪದಗಳಲ್ಲಿ ಶೇ. 55ರಷ್ಟು 'ಮ', 'ನ'ದಂಥ ಮೂಗಿನ ದನಿಯವು. ತಂದೆಯ ಪದಗಳಲ್ಲಿ ಅಂಥವು ಶೇ. 15 ಮಾತ್ರ. ಒಲವು ಮೈಯದು, ಅದು ಸುಳ್ಳಲ್ಲ. ಆದರೆ ಉಳಿದ ಶೇ. 45ರ ಮನೆಗಳಲ್ಲೂ ತಾಯಂದಿರಿದ್ದಾರೆ, ಮಕ್ಕಳು ಅವರನ್ನು ಅಷ್ಟೇ ಆಸೆಯಿಂದ ಕರೆಯುತ್ತವೆ.

*

ಕೊರಿಯಾದ ಮಗು ತಂದೆಯನ್ನು 'ಅಪ್ಪಾ' ಎನ್ನುತ್ತದೆ. ಕೊರಿಯನ್ ಧಾರಾವಾಹಿ ನೋಡುವ ನಮ್ಮ ಮಕ್ಕಳಿಗೆ ಇದನ್ನು ಕೇಳಿ ರೋಮಾಂಚನ. 1905ರಲ್ಲೇ ಹೋಮರ್ ಹಲ್ಬರ್ಟ್ ಎಂಬವರು ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣವನ್ನು ಅಕ್ಕಪಕ್ಕ ಇಟ್ಟು ಪುಸ್ತಕ ಬರೆದಿದ್ದರು. ಆ ರೋಮಾಂಚನ ನನಗೂ ಪ್ರಿಯ. ಆದರೂ ನಂಟಸ್ತಿಕೆಗೆ ಅಪ್ಪಾ ಸಾಕ್ಷಿಯಾಗಲಾರದು. ತಮಿಳಿನ ಪಾಲ್ ನಮ್ಮಲ್ಲಿ ಹಾಲು, ಪುಲಿ ಹುಲಿ, ಪೂ ಹೂ. ಹೀಗೆ ಸಾಲುಸಾಲಾಗಿ, ಒಂದೇ ಕಟ್ಟಿಗೆ ಒಳಗಾಗಿ ಬದಲಾದ ಪದಗಳು ಮಾತ್ರ ಒಂದೇ ಮನೆಯಲ್ಲಿ ಹುಟ್ಟಿದ್ದನ್ನು ಹೇಳಬಲ್ಲವು. ಕೂಸಿನ ಮಾತು ಈ ಪರೀಕ್ಷೆಗೆ ನಿಲ್ಲುವುದಿಲ್ಲ. ಅದನ್ನು ಪ್ರತಿ ತೊಟ್ಟಿಲೂ ಹೊಸದಾಗಿ ಹುಟ್ಟಿಸಬಲ್ಲದು.

*

ಕನ್ನಡದಲ್ಲಿ 'ಪ' ಸವೆದು 'ಹ' ಆದಂತೆ ಜಪಾನಿನಲ್ಲೂ ಆಯಿತು, ನಮಗೂ ಅವರಿಗೂ ಏನೇನೂ ಸಂಬಂಧವಿಲ್ಲದೆ. ಇವತ್ತು ಜಪಾನಿಯಲ್ಲಿ ತಾಯಿ 'ಹಹಾ', ತಂದೆ 'ಚಿಚಿ'. 16ನೇ ಶತಮಾನದ ಆರಂಭದ ಒಂದು ಒಗಟು ಹೀಗಿದೆ: ತಾಯಿಯೊಂದಿಗೆ ಎರಡು ಸಲ ಕೂಡುವುದು, ತಂದೆಯೊಂದಿಗೆ ಒಮ್ಮೆಯೂ ಕೂಡದ್ದು ಯಾವುದು? ಉತ್ತರ, ತುಟಿ. ಇವತ್ತಿನ 'ಹಹಾ' ಎನ್ನಲು ತುಟಿ ಸೇರುವುದೇ ಇಲ್ಲ. ಒಗಟು ಕಟ್ಟಿದ ಕಾಲಕ್ಕೆ ಆ ಪದ 'ಫಫಾ' ಎಂಬಂತಿತ್ತು, ಅದಕ್ಕೂ ಹಿಂದೆ 'ಪಪಾ'. ಭಾಷೆಯ ಚರಿತ್ರೆ ಬರೆಯುವವರಿಗೆ ಈ ಒಗಟು ಶಾಸನದಷ್ಟೇ ಬೆಲೆಯುಳ್ಳದ್ದು. ಆಟದ ಮಾತೊಂದು ಒಂದು ಜನಾಂಗದ ತುಟಿಯ ಚಲನೆಯನ್ನು ಐನೂರು ವರ್ಷ ಕಾಪಾಡಿಕೊಟ್ಟಿದೆ.

*

ಸಿಡುಬು ಎದ್ದ ಮೈಯನ್ನು ನಮ್ಮವರು 'ಅಮ್ಮ ಆಗಿದೆ' ಎಂದು ಹೇಳಿ, ಬೇವಿನ ಸೊಪ್ಪು ತಂದು ಹಾಸಿಗೆಯ ಬಳಿ ಇಟ್ಟರು. ಕೊಲ್ಲಬಲ್ಲ ಬೇನೆಯನ್ನು ಬೈಯದೆ, ಕೈಮುಗಿದು, ತಮಗೆ ಗೊತ್ತಿದ್ದ ಅತ್ಯಂತ ದೊಡ್ಡ ಹೆಸರಿನಿಂದ ಕರೆದರು.

*

ನಮ್ಮ ಮಾತಿನಲ್ಲಿ ಅಮ್ಮ, ಅಪ್ಪ ಎಂಬ ಪದಗಳು ದೊಡ್ಡವರಿಂದ ಮಕ್ಕಳಿಗೂ ಮರಳುತ್ತವೆ. ಜ್ವರದಲ್ಲಿ ಮಲಗಿದ ನಾಲ್ಕು ವರ್ಷದ ಮಗಳ ಹಣೆ ಮುಟ್ಟಿ ಅಪ್ಪ ಕೇಳುತ್ತಾನೆ, "ಒಂದು ತುತ್ತು ತಿನ್ನಮ್ಮ." ಬಾಗಿಲ ಬಳಿ ಮುನಿಸಿಕೊಂಡು ನಿಂತ ಮಗನನ್ನು ಅಮ್ಮ ಕರೆಯುತ್ತಾಳೆ, "ಒಳಗೆ ಬಾರಪ್ಪ."