ಗೊಡ್ಡು ಹಸುವಿನ ಮೇವು ಯಾರ ಲೆಕ್ಕಕ್ಕೆ?

ಕೊಟ್ಟಿಗೆಯ ಕೆಲಸಕ್ಕೆ ರಜೆ ಇಲ್ಲ. ಮನೆಯಲ್ಲಿ ಮದುವೆಯಿರಲಿ, ಸೂತಕವಿರಲಿ, ಯುಗಾದಿಯಿರಲಿ, ನಸುಕಿನಲ್ಲಿ ಯಾರಾದರೊಬ್ಬರು ಎದ್ದು ಸಗಣಿ ಬಾಚಬೇಕು, ಗಂಜಲ ಹರಿದುಹೋಗುವಂತೆ ನೀರು ಬಿಡಬೇಕು, ಹುಲ್ಲು ಹಾಕಬೇಕು, ಕೆಚ್ಚಲು ತೊಳೆದು ಹಾಲು ಕರೆಯಬೇಕು, ಡೇರಿ ಬಾಗಿಲು ಹಾಕುವುದರೊಳಗೆ ಕ್ಯಾನು ಹಿಡಿದು ಓಡಬೇಕು. ಸಂಜೆ ಮತ್ತೆ ಅದೇ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಹಾಸನದ ಕಡೆ ಎರಡು ಮೂರು ಹಸು ಕಟ್ಟಿಕೊಂಡ ಸಾವಿರಾರು ಮನೆಗಳ ದಿನ ಹೀಗೇ ಹುಟ್ಟಿ ಹೀಗೇ ಮುಗಿಯುತ್ತದೆ. ಆ ಮನೆಗಳಲ್ಲಿ ಈ ಕೆಲಸದ ಬಹುಪಾಲು ಹೆಂಗಸರದು. ಇದನ್ನು ಕುರಿತು ನಾವು ಆಡುವ ಮಾತು ಮಾತ್ರ ಎರಡೇ ಬಗೆಯದು. ಒಂದು ಅಕ್ಕರೆಯ ಮಾತು: ಹಸು ಮನೆಯ ಮಗಳು, ತಾಯಿ, ಲಕ್ಷ್ಮಿ. ಇನ್ನೊಂದು ಲೆಕ್ಕದ ಮಾತು: ಹಿಂಡಿಗೆ ಎಷ್ಟಾಯಿತು, ಡೇರಿಯಿಂದ ಎಷ್ಟು ಬಂತು. ಈ ಎರಡರ ನಡುವೆ ಒಂದು ಪ್ರಶ್ನೆ ಯಾರ ಕೈಗೂ ಸಿಗದೆ ಉಳಿದಿದೆ. ನಮ್ಮ ಉಪಯೋಗಕ್ಕೆಂದು ಒಂದು ಜೀವವನ್ನು ಕಟ್ಟಿಕೊಂಡ ಮೇಲೆ ಅದಕ್ಕೆ ನಾವು ಏನು ಕೊಡಬೇಕು? ಎಲ್ಲಿಯತನಕ ಕೊಡಬೇಕು? ಮತ್ತು ಈ ‘ನಾವು’ ಯಾರು?

ಈ ಹೊಣೆಯನ್ನು ಪ್ರೀತಿಯ ಮೇಲೆ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಪ್ರೀತಿ ಎಲ್ಲ ಹಸುವಿನ ಮೇಲೂ ಒಂದೇ ಸಮ ಹುಟ್ಟುವುದಿಲ್ಲ. ಕರೆಯಲು ಕೂತರೆ ಒದೆಯುವ ಹಸು ಇರುತ್ತದೆ, ಹೊಲಕ್ಕೆ ನುಗ್ಗಿ ಪಕ್ಕದವರ ಜಗಳ ತರುವ ಕಡಸು ಇರುತ್ತದೆ. ಅವಕ್ಕೂ ಹೊತ್ತಿಗೆ ಸರಿಯಾಗಿ ನೀರು ಇಡಲೇಬೇಕು. ಏಕೆಂದರೆ ಅವುಗಳ ಕೊರಳಿನಲ್ಲಿ ಕಣ್ಣಿ ಇದೆ. ಕಾಡಿನ ಜಿಂಕೆಗೆ ಬಾಯಾರಿದರೆ ಅದು ಹಳ್ಳ ಹುಡುಕಿಕೊಂಡು ಹೋಗುತ್ತದೆ. ಸಿಕ್ಕರೆ ಬದುಕುತ್ತದೆ, ಇಲ್ಲದಿದ್ದರೆ ಇಲ್ಲ, ಅದರಲ್ಲಿ ನಮ್ಮ ಪಾತ್ರವಿಲ್ಲ. ಹಾಲು ಕೊಡುವ ದೊಡ್ಡ ಮಿಶ್ರತಳಿ ಹಸುವಿಗೆ ಬೇಸಿಗೆಯಲ್ಲಿ ದಿನಕ್ಕೆ 60, 70 ಲೀಟರ್, ಕೆಲವೊಮ್ಮೆ ಅದಕ್ಕೂ ಹೆಚ್ಚು ನೀರು ಬೇಕು. ಆ ನೀರಿನ ಹತ್ತಿರ ಹೋಗುವ ದಾರಿಯನ್ನು ಗೂಟ ಹೊಡೆದು ಮುಚ್ಚಿದವರು ನಾವು. ಹೊಣೆ ಹುಟ್ಟುವುದು ಆ ಗೂಟದ ಬುಡದಲ್ಲಿ. ಮನಸ್ಸು ಮುದಗೊಂಡಿದೆಯೋ ಇಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಕಟ್ಟುವುದು ಹಗ್ಗದಿಂದ ಮಾತ್ರವಲ್ಲ, ತಳಿಯಿಂದಲೂ. ಮಲೆನಾಡು ಗಿಡ್ಡ ಬೆಳಿಗ್ಗೆ ಬೆಟ್ಟಕ್ಕೆ ಹೋಗಿ ತಾನೇ ಮೇದು ಸಂಜೆ ಹಟ್ಟಿಗೆ ಬರುತ್ತದೆ. ಅದು ಕೊಡುವ ಹಾಲು ಕಡಿಮೆ, ನಮ್ಮಿಂದ ಕೇಳುವುದೂ ಕಡಿಮೆ. ಎಚ್ಚೆಫ್ ಮಿಶ್ರತಳಿಯ ಹಸು ಹಾಗಲ್ಲ. ಬಯಲುಸೀಮೆಯ ಏಪ್ರಿಲ್ ಬಿಸಿಲನ್ನು ಅದು ತಾಳಲಾರದು, ಉಣ್ಣೆಯ ಕಾಟಕ್ಕೆ ಬೇಗ ಸೋಲುತ್ತದೆ. ಹಾಲು ಹೆಚ್ಚಾದಷ್ಟೂ ಕರು ಹಾಕಿದ ಕೂಡಲೇ ರಕ್ತದ ಕ್ಯಾಲ್ಸಿಯಂ ಕುಸಿದು ಹಾಲುಜ್ವರ ಬಂದು ನೆಲ ಹಿಡಿಯುವ ಭಯ. ಈ ಸೂಕ್ಷ್ಮ ದೇಹವನ್ನು ಅದು ತಾನಾಗಿ ಬೇಡಿ ಪಡೆದದ್ದಲ್ಲ. ಹೆಚ್ಚು ಹಾಲು ಬೇಕೆಂದು ನಾವು ಮಾಡಿದ ಆಯ್ಕೆಯ ಫಲ ಅದು. ಒಂದು ಜೀವವನ್ನು ನಮ್ಮ ಅಗತ್ಯಕ್ಕೆ ಎಷ್ಟು ಬಗ್ಗಿಸುತ್ತೇವೋ ಅದಕ್ಕೆ ಅಷ್ಟೂ ಹೆಚ್ಚು ಬಾಧ್ಯರಾಗುತ್ತೇವೆ.

ಆ ಬಾಧ್ಯತೆ ನಿತ್ಯದ ಬದುಕಿನಲ್ಲಿ ಕಾಣಿಸಿಕೊಳ್ಳುವುದು ಗಮನದ ರೂಪದಲ್ಲಿ. ಹಸು ಬೆದೆಗೆ ಬರುವುದು 21 ದಿನಕ್ಕೊಮ್ಮೆ. ಆಗ ಅರ್ಧ ದಿನದಿಂದ ಮುಕ್ಕಾಲು ದಿನದೊಳಗೆ ಗುರುತಿಸಬೇಕು. ಬೆಳಿಗ್ಗೆ ಕಂಡರೆ ಸಂಜೆಗೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಹಾಕಿಸಬೇಕು. ತಪ್ಪಿದರೆ ಮತ್ತೆ ಮೂರು ವಾರ. ಕರು ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲೇ ಅದರ ಹೊಟ್ಟೆಗೆ ಗಿಣ್ಣುಹಾಲು ಬೀಳಬೇಕು, ಏಕೆಂದರೆ ತಾಯಿಯ ರೋಗನಿರೋಧಕ ಶಕ್ತಿಯನ್ನು ಹೀರಿಕೊಳ್ಳುವ ಗುಣ ಕರುವಿನ ಕರುಳಿನಲ್ಲಿ ಒಂದು ದಿನದೊಳಗೆ ಮುಗಿದುಹೋಗುತ್ತದೆ. ಎಡಹೊಟ್ಟೆ ಉಬ್ಬಿದೆಯೇ, ಮೆಲುಕು ನಿಂತಿದೆಯೇ, ಒಂದು ಮೊಲೆಯ ಹಾಲು ಒಡೆದಂತಿದೆಯೇ ಎಂಬುದು ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳಬೇಕು. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲೆಲ್ಲ ಹರಡಿದಾಗ ಗಂಟು ಒಡೆದ ಗಾಯಗಳನ್ನು ತೊಳೆಯುತ್ತಾ, ನೊಣ ಕೂರದಂತೆ ಬೇವಿನ ಹೊಗೆ ಹಾಕುತ್ತಾ ರಾತ್ರಿ ಕಳೆದ ಮನೆಗಳೆಷ್ಟೋ. ಮಾತನಾಡದ ಇನ್ನೊಂದು ಜೀವಕ್ಕೆ ಏನಾಗುತ್ತಿದೆ ಎಂದು ದಿನವೂ ಓದಿ ತಿಳಿಯುವ ಈ ಅಭ್ಯಾಸವನ್ನು ನಾನು ನೀತಿಯ ಒಂದು ದೊಡ್ಡ ಪಾಠವೆಂದೇ ಎಣಿಸುತ್ತೇನೆ. ಸಗಣಿ ಬಾಚುವ ಕೈಗಳಿಗೆ ಗೊತ್ತಿರುವ ಈ ವಿದ್ಯೆಗೆ ನಮ್ಮ ವೈಚಾರಿಕ ಬರಹದಲ್ಲಿ ಸಿಗಬೇಕಾದ ಮರ್ಯಾದೆ ಇನ್ನೂ ಸಿಕ್ಕಿಲ್ಲ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಪ್ರಾಣಿಗೆ ಬುದ್ಧಿ ಇದೆಯೇ, ಮಾತು ಇದೆಯೇ ಎಂದು ಕೇಳಬಾರದು, ಅದಕ್ಕೆ ನೋವಾಗುತ್ತದೆಯೇ ಎಂದು ಕೇಳಬೇಕು ಎಂದು ಇಂಗ್ಲೆಂಡಿನ ತತ್ವಜ್ಞಾನಿ ಜೆರೆಮಿ ಬೆಂಥಮ್ 1789ರಲ್ಲೇ ವಾದಿಸಿದ. 1975ರಲ್ಲಿ ತತ್ವಜ್ಞಾನಿ ಪೀಟರ್ ಸಿಂಗರ್ ಅದೇ ಎಳೆ ಹಿಡಿದು ಬರೆದ ಪುಸ್ತಕ ಜಗತ್ತಿನ ಅನೇಕರ ಊಟದ ತಟ್ಟೆಯನ್ನೇ ಬದಲಿಸಿತು. ಅವರ ನಂತರ ಬಂದ ಕೆಲವರು ಇನ್ನೂ ಮುಂದೆ ಹೋಗಿ, ಪ್ರಾಣಿಯನ್ನು ಬಳಸಿಕೊಳ್ಳುವುದೇ ತಪ್ಪು, ಎಷ್ಟು ಚೆನ್ನಾಗಿ ಸಾಕಿದರೂ ಅದು ಒಳ್ಳೆಯ ಹೆಸರು ಹೊತ್ತ ದಾಸ್ಯವೇ ಎನ್ನುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಬರುವ ಉತ್ತರ ಒಂದಿದೆ: ನಾವು ಸಾಕದಿದ್ದರೆ ಈ ಹಸು ಹುಟ್ಟುತ್ತಲೇ ಇರಲಿಲ್ಲವಲ್ಲ, ಬದುಕು ಕೊಟ್ಟದ್ದೇ ಉಪಕಾರವಲ್ಲವೇ? ಈ ಉತ್ತರ ನಿಲ್ಲುವುದಿಲ್ಲ. ಮಗುವನ್ನು ಹುಟ್ಟಿಸಿದ್ದೇ ಉಪಕಾರವೆಂದು ಹೇಳಿ ಯಾವ ತಂದೆಯೂ ಅದನ್ನು ಉಪವಾಸ ಕೆಡವುವ ಹಕ್ಕು ಪಡೆಯುವುದಿಲ್ಲ. ಹುಟ್ಟಿಸಿದವರ ಹೊಣೆ ಹುಟ್ಟಿನಿಂದ ಹೆಚ್ಚುತ್ತದೆಯೇ ಹೊರತು ತೀರುವುದಿಲ್ಲ.

ನನ್ನ ಉತ್ತರ ಬೇರೆ. ಬಳಕೆಗೆ ಎಲ್ಲೆ ಹಾಕಿಕೊಳ್ಳಲು ಸಾಧ್ಯ ಎಂಬುದನ್ನು ನಮ್ಮ ಹಳ್ಳಿಗಳು ಬಹಳ ಹಿಂದೆಯೇ ತೋರಿಸಿವೆ. ಸೋಮವಾರ ಬಸವಣ್ಣನ ದಿನವೆಂದು ಎತ್ತಿನ ಹೆಗಲಿಗೆ ನೊಗ ಇಡದ ಊರುಗಳು ಕನ್ನಡನಾಡಿನಲ್ಲಿ ಬಹಳ. ಹದ ತಪ್ಪಿದರೂ ಸರಿ, ಅಂದು ಉಳುಮೆಯಿಲ್ಲ. ಕರೆಯುವಾಗ ಒಂದು ಮೊಲೆಯನ್ನು ಕರುವಿಗೆಂದೇ ಬಿಡುವ ಪದ್ಧತಿ ಇತ್ತು, ಕೆಲವು ಮನೆಗಳಲ್ಲಿ ಈಗಲೂ ಇದೆ. ಇವೆರಡೂ ಪೂಜೆಯಲ್ಲ, ಪಾಲು. ದುಡಿದ ದೇಹಕ್ಕೆ ವಿಶ್ರಾಂತಿಯ ಪಾಲು, ಹಾಲು ಯಾರಿಗಾಗಿ ಹುಟ್ಟಿತೋ ಆ ಕರುವಿಗೆ ಹಾಲಿನ ಪಾಲು. ಆರತಿ ಎತ್ತುವುದು ಸುಲಭ, ಪಾಲು ಬಿಡುವುದು ಕಷ್ಟ. ನಮ್ಮ ಹಿರಿಯರಲ್ಲಿ ನಾನು ಗೌರವಿಸುವುದು ಆ ಕಷ್ಟದ ಭಾಗವನ್ನು.

ಹಾಲಿನ ವಿಷಯದಲ್ಲಿ ಗಾಂಧಿಯಷ್ಟು ತಮ್ಮನ್ನು ತಾವು ಪರೀಕ್ಷಿಸಿಕೊಂಡವರು ಕಡಿಮೆ. ಕಲ್ಕತ್ತದ ಕೆಲವು ಗೌಳಿಗರು ಹೆಚ್ಚು ಹಾಲಿಗಾಗಿ ಹಸುಗಳಿಗೆ ಕೊಡುತ್ತಿದ್ದ ಹಿಂಸೆಯ ವಿವರ ಓದಿ ಅವರ ಮನಸ್ಸು ಕಲಕಿತು. 1912ರಲ್ಲಿ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅವರು ಹಾಲು ಬಿಟ್ಟರು. 1918ರ ದೊಡ್ಡ ಕಾಯಿಲೆಯ ನಂತರ ಕಸ್ತೂರಬಾ ಅವರ ಒತ್ತಾಯಕ್ಕೆ ಮೇಕೆಯ ಹಾಲು ಕುಡಿಯಲು ಒಪ್ಪಿದರು; ವ್ರತದ ಅಕ್ಷರ ಉಳಿಯಿತು, ಅದರ ಆತ್ಮ ಉಳಿಯಲಿಲ್ಲ ಎಂಬ ಕೊರಗು ಅವರಿಗೆ ಉಳಿದೇ ಉಳಿಯಿತು. ಆದರೆ ಅದಕ್ಕಿಂತ ಕಠಿಣ ಪರೀಕ್ಷೆ ಬಂದದ್ದು 1928ರಲ್ಲಿ. ಸಾಬರಮತಿ ಆಶ್ರಮದ ಒಂದು ಕರು ವಾಸಿಯಾಗದ ನೋವಿನಲ್ಲಿ ನರಳುತ್ತಿತ್ತು. ಎಲ್ಲ ಪ್ರಯತ್ನ ಮುಗಿದ ಮೇಲೆ ವೈದ್ಯರಿಂದ ಇಂಜೆಕ್ಷನ್ ಕೊಡಿಸಿ ಅದರ ಪ್ರಾಣ ಬಿಡಿಸಿದರು. ದೇಶದೆಲ್ಲೆಡೆಯಿಂದ ಸಿಟ್ಟಿನ ಪತ್ರಗಳು ಬಂದವು. ಗಾಂಧಿ ಮುಚ್ಚಿಡಲಿಲ್ಲ, ಮಾಡಿದ್ದನ್ನು ಮಾಡಿದ್ದೇನೆಂದು ತಮ್ಮ ಪತ್ರಿಕೆಯಲ್ಲಿ ಬರೆದು, ಅದು ಅಹಿಂಸೆಯೇ ಎಂದು ವಾದಿಸಿದರು. ಅವರ ತೀರ್ಮಾನವನ್ನು ಎಲ್ಲರೂ ಒಪ್ಪಬೇಕಿಲ್ಲ. ಅವರು ನಿಂತ ಜಾಗವನ್ನು ಮಾತ್ರ ಗಮನಿಸಬೇಕು. ಕರುವಿನ ಪಕ್ಕದಲ್ಲಿ ನಿಂತು, ಅದರ ನೋವನ್ನು ಕಣ್ಣಾರೆ ನೋಡಿ, ನಿರ್ಧಾರದ ಭಾರವನ್ನು ತಾವೇ ಹೊತ್ತು ಅವರು ಮಾತನಾಡಿದರು. ಪ್ರಾಣಿಯ ಬದುಕು ಸಾವುಗಳ ಬಗ್ಗೆ ಮಾತನಾಡುವ ಅಧಿಕಾರ ಅಂಥ ಭಾರ ಹೊರುವುದರಿಂದ ಬರುತ್ತದೆ.

ಈಗ ನಮ್ಮ ಕಾಲಕ್ಕೆ ಬರುತ್ತೇನೆ. ಪ್ರಕೃತಿಯಲ್ಲಿ ಹೆಣ್ಣುಗರು, ಹೋರಿಗರು ಹೆಚ್ಚು ಕಡಿಮೆ ಸಮನಾಗಿ ಹುಟ್ಟುತ್ತವೆ. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿದ್ದ ಹಸು ಜಾತಿಯ ಹೆಣ್ಣುಗಳು ಸುಮಾರು 14.5 ಕೋಟಿ, ಗಂಡುಗಳು ಸುಮಾರು 4.7 ಕೋಟಿ. ಅದಕ್ಕೂ ಏಳು ವರ್ಷ ಮುಂಚೆ, 2012ರಲ್ಲಿ, ಗಂಡುಗಳು ಸುಮಾರು 6.8 ಕೋಟಿ ಇದ್ದವು. ಟ್ರ್ಯಾಕ್ಟರು, ಟಿಲ್ಲರು ಬಂದು ಎತ್ತಿನ ಕೆಲಸ ಹೋಯಿತು. ಕೆಲಸ ಹೋದ ಮೇಲೆ ಹೋರಿಗರುವಿಗೆ ಹಾಲು ಹಾಕುವವರು ಯಾರು? ಅದು ಕುಡಿಯುವ ಪ್ರತಿ ಲೀಟರೂ ಡೇರಿಗೆ ಹೋಗದ ಲೀಟರು. ಹಲವೆಡೆ ಅದು ಸೊರಗಿ ಸಾಯುತ್ತದೆ, ಇಲ್ಲವೇ ರಾತ್ರೋರಾತ್ರಿ ರಸ್ತೆಯ ಪಾಲಾಗುತ್ತದೆ. ಹೆಣ್ಣುಗರುವೇ ಹುಟ್ಟುವ ಸಾಧ್ಯತೆ ನೂರಕ್ಕೆ ತೊಂಬತ್ತರಷ್ಟಿರುವಂತೆ ವಿಂಗಡಿಸಿದ ವೀರ್ಯ ಈಗ ಸಿಗುತ್ತಿದೆ. ಪ್ರಕೃತಿಯ ವಿರುದ್ಧ ಎಂದು ಅದನ್ನು ಹೀಗಳೆಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ಹುಟ್ಟದ ಕರುವಿಗೆ ಅನ್ಯಾಯವಾಗುವುದಿಲ್ಲ. ಹುಟ್ಟಿ ಹಸಿವಿನಿಂದ ಸಾಯುವ ಕರುವಿಗೆ ಆಗುತ್ತದೆ.

ಹಸುವಿನದೂ ಇದೇ ಕಥೆಯ ಇನ್ನೊಂದು ತುದಿ. ಮೊದಲ ಕರು ಹಾಕುವ ಹೊತ್ತಿಗೆ ಅದಕ್ಕೆ ಮೂರು ವರ್ಷದ ಆಸುಪಾಸು. ಗಬ್ಬದ ಕಾಲ 280 ದಿನ. ಅದರ ಕೊನೆಯ ಎರಡು ತಿಂಗಳು ಹಾಲು ಬತ್ತಿಸಬೇಕು. ಐದಾರು ಸೂಲಿನ ಮೇಲೆ ಹಾಲು ಇಳಿಯುತ್ತದೆ, ಗಬ್ಬ ನಿಲ್ಲುವುದಿಲ್ಲ. ಹದಿನೈದು, ಇಪ್ಪತ್ತು ವರ್ಷ ಬದುಕಬಲ್ಲ ಜೀವ ಅದರ ಅರ್ಧದಲ್ಲೇ ಗೊಡ್ಡು ಎನಿಸಿಕೊಳ್ಳುತ್ತದೆ. ಆಗ ಮನೆಯವರು ಋಣ ತೀರಿತು ಎಂದು ಹೇಳಿ ಹಗ್ಗವನ್ನು ಬೇರೆಯವರ ಕೈಗೆ ಕೊಡುತ್ತಿದ್ದರು. ಹಸುವಿನ ಋಣ ತೀರಿರಬಹುದು, ನಮ್ಮದು ಹೇಗೆ ತೀರಿತು? ಹಾಗೆಂದು ಆ ಮನೆಯವರನ್ನು ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ. ಹಗ್ಗ ಕೊಟ್ಟ ಮೇಲೆ ಎರಡು ದಿನ ಊಟ ಬಿಟ್ಟ ಹೆಂಗಸರನ್ನು ನಮ್ಮ ಕಡೆ ಬಲ್ಲೆ. ಅವರ ಬಳಿ ಇದ್ದದ್ದು ಒಂದು ಹಸುವಿನ ಹುಲ್ಲು. ಹೊಸದಾಗಿ ಕರು ಹಾಕಿದ ಕಡಸಿಗೋ ಗೊಡ್ಡಿಗೋ ಎಂದು ಅವರು ಆರಿಸಬೇಕಿತ್ತು.

ಕಾನೂನು ಈಗ ಆ ಆಯ್ಕೆಯನ್ನೂ ಕಿರಿದಾಗಿಸಿದೆ. ರಾಜ್ಯದ 1964ರ ಕಾಯ್ದೆಯಲ್ಲಿ ಹಸುವಿನ ವಧೆಗೆ ನಿಷೇಧವಿತ್ತು. ಹನ್ನೆರಡು ವರ್ಷ ದಾಟಿದ ಎತ್ತು, ಹೋರಿಗಳಿಗೆ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಅವಕಾಶವಿತ್ತು. 2020ರ ಕಾಯ್ದೆ ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಬಿಟ್ಟು ಉಳಿದೆಲ್ಲವನ್ನೂ ನಿಷೇಧಿಸಿತು. ಕೊಲ್ಲಬಾರದು ಎಂಬ ನಿಲುವನ್ನು ನಾನು ಹಗುರವಾಗಿ ಕಾಣುವುದಿಲ್ಲ; ಅದರ ಹಿಂದೆ ಅನೇಕರ ನಿಜವಾದ ಭಕ್ತಿ ಇದೆ. ಆದರೆ ಒಂದು ಜೀವ ಉಳಿಯಲೇಬೇಕೆಂದು ಸಮಾಜ ತೀರ್ಮಾನಿಸಿದ ದಿನ ಅದರ ಮೇವಿನ ಹೊಣೆಯೂ ಸಮಾಜದ ಮೇಲೆ ಬೀಳುತ್ತದೆ. ತೀರ್ಮಾನ ಎಲ್ಲರದು, ಹುಲ್ಲು ಮಾತ್ರ ಎರಡೆಕರೆಯವನದು ಎಂಬುದು ನ್ಯಾಯವಲ್ಲ. 2022ರಲ್ಲಿ ರಾಜ್ಯ ಸರ್ಕಾರ ಪುಣ್ಯಕೋಟಿ ದತ್ತು ಯೋಜನೆ ತಂದಾಗ ಗೋಶಾಲೆಯ ಒಂದು ಹಸುವನ್ನು ವರ್ಷಕ್ಕೆ ದತ್ತು ಪಡೆಯಲು ಗೊತ್ತುಮಾಡಿದ ಮೊತ್ತ 11,000 ರೂಪಾಯಿ, ಅಂದರೆ ದಿನಕ್ಕೆ ಸುಮಾರು 30. ಅಷ್ಟು ಹಣವಾದರೂ ಬೇಕು ಎಂದು ಒಪ್ಪಿಕೊಂಡಂತಾಯಿತು. ಆದರೆ ಆ ಹಣ ಸಿಗಬೇಕಾದರೆ ಹಸು ತಾನು ಹುಟ್ಟಿದ ಕೊಟ್ಟಿಗೆ ಬಿಟ್ಟು ಗೋಶಾಲೆ ಸೇರಬೇಕು. ಅದರ ನಡೆ, ಅದರ ಕಾಯಿಲೆ, ಅದರ ಹಟ ಎಲ್ಲವನ್ನೂ ಬಲ್ಲವರ ಮನೆಯಲ್ಲೇ ಉಳಿದರೆ ಒಂದು ಕಾಸೂ ಇಲ್ಲ.

ಡೇರಿಯಲ್ಲಿ ಹಾಲಿಗೆ ಬೆಲೆ ಕಟ್ಟುವುದು ಜಿಡ್ಡು ಮತ್ತು ಜಿಡ್ಡೇತರ ಘನಾಂಶ ನೋಡಿ. ಆ ಚೀಟಿಯಲ್ಲಿ ಹೋರಿಗರುವಿಲ್ಲ, ಬತ್ತಿದ ಎರಡು ತಿಂಗಳಿಲ್ಲ, ಮುಪ್ಪು ಇಲ್ಲ. ಬೆಂಗಳೂರಿನ ಕಾಫಿ ಲೋಟಕ್ಕೆ ಬಿದ್ದ ಹಾಲಿನ ನಿಜವಾದ ಬೆಲೆಯಲ್ಲಿ ಇವೆಲ್ಲ ಸೇರಿವೆ; ಕೊಂಡವರು ಅದರ ಒಂದು ಭಾಗವನ್ನು ಮಾತ್ರ ಕೊಟ್ಟು ಉಳಿದದ್ದನ್ನು ಹಳ್ಳಿಯ ಕೊಟ್ಟಿಗೆಗೆ ಬಿಟ್ಟಿದ್ದಾರೆ. ಕಣ್ಣಿಯ ಒಂದು ತುದಿ ಗೂಟದಲ್ಲಿದ್ದರೆ ಇನ್ನೊಂದು ತುದಿ ಹಾಲು ಕುಡಿಯುವ ನಮ್ಮೆಲ್ಲರ ಕೈಯಲ್ಲಿದೆ.

ಹಾಲಿನ ದರ ಏರಿಸಿದರೆ ಬಡವರ ಮಕ್ಕಳ ಲೋಟ ಬರಿದಾಗುತ್ತದೆ ಎಂಬ ಮಾತು ಬರುತ್ತದೆ, ಅದು ನ್ಯಾಯವಾದ ಆತಂಕ. ಅದಕ್ಕೆ ದಾರಿಯನ್ನೂ ನಾವೇ ಕಂಡುಕೊಂಡಿದ್ದೇವೆ. 2013ರಿಂದ ಕ್ಷೀರಭಾಗ್ಯದ ಹೆಸರಿನಲ್ಲಿ ಶಾಲೆ, ಅಂಗನವಾಡಿಯ ಮಕ್ಕಳಿಗೆ ಸಾರ್ವಜನಿಕ ಹಣದಲ್ಲಿ ಹಾಲು ಸಿಗುತ್ತಿದೆ. ಡೇರಿಗೆ ಹಾಕಿದ ಪ್ರತಿ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವನ್ನು ಸರ್ಕಾರ ರೈತರ ಖಾತೆಗೇ ಹಾಕುವ ಏರ್ಪಾಡಿದೆ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿದಾಗ ಅದು ರೈತರಿಗೆ ಸಲ್ಲುತ್ತದೆಂದು ಸರ್ಕಾರ ಹೇಳಿತು. ಇದೆಲ್ಲವೂ ಹಾಲು ಕೊಡುವ ಹಸುವಿಗೆ ಸಿಗುವ ಬೆಂಬಲ. ಹಾಲು ನಿಂತ ದಿನವೇ ಪ್ರೋತ್ಸಾಹಧನವೂ ನಿಲ್ಲುತ್ತದೆ. ಪ್ರತಿ ರಾಸಿನ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಓಲೆ ಹಾಕುವ ಕೆಲಸ ನಡೆದಿದೆ. ಆ ಅಂಕಿಯಿಂದ ಅದು ಯಾರ ಮನೆಯದು, ಯಾವಾಗ ಇಂಜೆಕ್ಷನ್ ಆಯಿತು, ಯಾವ ಲಸಿಕೆ ಬಿತ್ತು ಎಂದು ದಾಖಲಿಸಬಹುದು. ಗೊಡ್ಡಾಗಿದೆ, ಆದರೂ ಅದೇ ಕೊಟ್ಟಿಗೆಯಲ್ಲಿದೆ ಎಂದು ಊರಿನ ಪಶುವೈದ್ಯರು ಬರೆದರೆ ಸಾಕು. ಗೋಶಾಲೆಗೆಂದು ಒಪ್ಪಿಕೊಂಡ ಆ ದಿನದ 30 ರೂಪಾಯಿಯನ್ನು ಲೀಟರಿನ ಲೆಕ್ಕ ಬಿಟ್ಟು, ಅದನ್ನು ಕಟ್ಟಿಕೊಂಡಿರುವ ಮನೆಯ ಹೆಂಗಸಿನ ಖಾತೆಗೆ ಹಾಕುವುದನ್ನು ಮೊದಲು ಒಂದು ತಾಲೂಕಿನಲ್ಲಾದರೂ ಆರಂಭಿಸಬಹುದು.