‘ಇಲ್ಲ’ ಎನ್ನಬಲ್ಲ ಮಂತ್ರ

ಬೆಂಗಳೂರಿನ ಹಾಸ್ಟೆಲಿನಲ್ಲಿ ಗೆಳೆಯರು ಶನಿವಾರ ರಾತ್ರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ. ಒಬ್ಬ ಸೂತ್ರಧಾರ ಕಥೆ ಹೇಳುತ್ತಾನೆ, ಉಳಿದವರು ಪಾತ್ರಗಳಾಗಿ ಅದರೊಳಗೆ ನಡೆಯುತ್ತಾರೆ. ನನ್ನ ಪಾತ್ರ ಒಬ್ಬ ಮಾಂತ್ರಿಕ. ಅವನ ಬಳಿ ‘ಡಿಟೆಕ್ಟ್ ಮ್ಯಾಜಿಕ್’ ಎಂಬ ಮಂತ್ರವಿದೆ. ಮೂವತ್ತು ಅಡಿಯೊಳಗೆ ಮಾಯೆ ಇದ್ದರೆ ಹತ್ತು ನಿಮಿಷದವರೆಗೆ ಅದು ಗೊತ್ತಾಗುತ್ತದೆ. ಕಣ್ಣಿಗೆ ಬೀಳುವ ವಸ್ತುವಿನ ಸುತ್ತ ಮಂದ ಪ್ರಭೆ ಕಾಣಿಸುತ್ತದೆ. ಅದು ಭ್ರಮೆಯದೋ ರಕ್ಷಣೆಯದೋ, ಮಾಯೆಯ ಎಂಟು ಬಗೆಗಳಲ್ಲಿ ಯಾವುದೆಂದು ತಿಳಿಯುತ್ತದೆ. ಒಂದು ಅಡಿ ಕಲ್ಲು ಅಡ್ಡ ಬಂದರೆ, ತೆಳ್ಳನೆಯ ಸೀಸದ ತಗಡು ಅಡ್ಡ ಬಂದರೂ, ಮಂತ್ರ ಕುರುಡು.

ಮೊದಲ ಸಲ ಅದನ್ನು ಹಾಕಿದಾಗ ಸೂತ್ರಧಾರ ಹೇಳಿದ: “ಏನೂ ಇಲ್ಲ. ಬರೀ ಹಳೇ ಪೆಟ್ಟಿಗೆ.” ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮೂರು ಸಿದ್ದಾಪುರ, ತುಂಗಭದ್ರಾ ಕಾಲುವೆಯ ನೀರಿಗೆ ಭತ್ತ ಬೆಳೆಯುವ ಸೀಮೆ. ನನಗೆ ಒಂಬತ್ತು ವರ್ಷವಿದ್ದಾಗ ಒಂದೇ ತಿಂಗಳಲ್ಲಿ ನಮ್ಮ ಎರಡು ಎಮ್ಮೆ ಸತ್ತವು. ಅಜ್ಜಿ ಅಂಜನ ನೋಡುವವನನ್ನು ಕರೆಸಿದಳು. ಅವನು ವೀಳ್ಯದೆಲೆಗೆ ಕಪ್ಪು ಸವರಿ, ದೀಪ ಹಚ್ಚಿಟ್ಟು, ನನ್ನನ್ನೇ ಎದುರಿಗೆ ಕೂಡಿಸಿದ. ಮಕ್ಕಳ ಕಣ್ಣಿಗೇ ಕಾಣುವುದಂತೆ.

“ಏನ್ ಕಾಣ್ತೈತಿ, ತಮ್ಮಾ?”

ದೀಪದ ಹೊಳಪು ಬಿಟ್ಟರೆ ಏನೂ ಕಾಣಲಿಲ್ಲ. ಸುಮ್ಮನಿದ್ದೆ.

“ಹೆಣ್ಣಮಗಳೇನು? ಬಿಳಿ ಸೀರಿ ಉಟ್ಟಾಳೇನು?”

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. “ಹೂಂ” ಅಂದೆ.

ಓಣಿಯಲ್ಲಿ ಬಿಳಿ ಸೀರೆ ಉಡುತ್ತಿದ್ದವಳು ಒಬ್ಬಳೇ, ಪಕ್ಕದ ಮನೆಯ ವಿಧವೆ. ಅವತ್ತಿನಿಂದ ನಮ್ಮ ಮನೆಯವರು ಅವಳ ಜೊತೆ ಮಾತು ಬಿಟ್ಟರು. ಅವಳ ಮನೆಯ ಮಜ್ಜಿಗೆ ನಮ್ಮ ಮನೆಗೆ ಬರುವುದು ನಿಂತಿತು.

ಆಟದ ಮಂತ್ರಕ್ಕೂ ಅಂಜನಕ್ಕೂ ಇರುವ ವ್ಯತ್ಯಾಸ ‘ಒಂದು ಕಲ್ಪನೆ, ಇನ್ನೊಂದು ನಂಬಿಕೆ’ ಎನ್ನುವಷ್ಟು ಸರಳವಲ್ಲ. ಆಟದ ಮಂತ್ರಕ್ಕೆ ಮಿತಿಯಿದೆ. ಮಾಯೆ ಇದೆಯೆಂದು ಹೇಳುತ್ತದೆ. ಯಾರು ಮಾಡಿದರು, ಯಾಕೆ ಮಾಡಿದರು ಎಂದು ಹೇಳುವುದಿಲ್ಲ. ಅದಕ್ಕೆ ಮೋಸವನ್ನೂ ಮಾಡಬಹುದು: ಸಾಮಾನ್ಯ ವಸ್ತುವಿಗೆ ಸುಳ್ಳು ಪ್ರಭೆ ಹಚ್ಚುವ ಇನ್ನೊಂದು ಮಂತ್ರ ಅದೇ ಪುಸ್ತಕದಲ್ಲಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ‘ಇಲ್ಲ’ ಎನ್ನಬಲ್ಲದು. ನಮ್ಮ ಅಂಜನ ಮನುಷ್ಯರನ್ನು ತೋರಿಸುತ್ತಿತ್ತು, ‘ಇಲ್ಲ’ ಎನ್ನುತ್ತಿರಲಿಲ್ಲ. ಎಂದೂ ‘ಇಲ್ಲ’ ಎನ್ನದ ಪರೀಕ್ಷೆ ಪರೀಕ್ಷೆಯಲ್ಲ, ಆಪಾದನೆ.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿ, ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಅವರು ಕೇಳಿದ್ದು ಇಷ್ಟೇ: ‘ಇಲ್ಲ’ ಎಂಬ ಉತ್ತರಕ್ಕೂ ಜಾಗವಿರುವ ಕಡೆ ತೋರಿಸಿ. ಉತ್ತರ ಬರಲಿಲ್ಲ. ಈಗ ರಾಜ್ಯದಲ್ಲಿ 2017ರ ಮಾಟ-ಮಂತ್ರ ತಡೆ ಕಾಯ್ದೆ ಇದೆ, 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ಹೆಸರಲ್ಲಿ ಹೊಡೆದರೆ ಕಾನೂನು ಹಿಡಿಯುತ್ತದೆ. ನಿಂತುಹೋದ ಮಜ್ಜಿಗೆಯನ್ನು ಯಾವ ಕಲಮಿನಲ್ಲಿ ಹಿಡಿಯುವುದು?

ಸಂಶೋಧನೆಗೆ ಬಂದ ಮೇಲೆ ಈ ಪ್ರಶ್ನೆ ನನ್ನ ಕಡೆಗೂ ತಿರುಗಿದೆ. ಸಂದರ್ಶನದಲ್ಲಿ ನನಗೆ ಬೇಕಾದ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಿದಾಗಲೆಲ್ಲ ಆ ದೀಪದ ಮುಂದೆ ಇನ್ಯಾರನ್ನೋ ಕೂಡಿಸಿದಂತಾಗುತ್ತದೆ.

ಹೋದ ವರ್ಷ ಊರಿಗೆ ಹೋದಾಗ ಅಜ್ಜಿಗೆ ನಿಜ ಹೇಳಿದೆ: “ಅವತ್ತ ನನಗ ಏನೂ ಕಂಡಿರಲಿಲ್ಲ ಅಜ್ಜಿ.”

ಅವಳು ಅಕ್ಕಿ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. “ನನಗೂ ಗೊತ್ತಿತ್ತು ಬಿಡು. ಏನೂ ಕಾಣವಲ್ದು ಅಂದಿದ್ರ, ಎರಡು ಎಮ್ಮಿ ಸುಮ್ನ ಸತ್ತವು ಅಂತ ಹೆಂಗ ತಡಕೊಳ್ಳೂದು?”

ಪಕ್ಕದ ಮನೆಗೆ ಬೀಗ ಬಿದ್ದು ಆರು ವರ್ಷವಾಗಿದೆ. ನಾನು ಹೇಳಬೇಕಾಗಿದ್ದು ಅಜ್ಜಿಗಲ್ಲ.